ಕಾವೇರಿಯ ಮಡಿಲ ರಾಜಧಾನಿ: ಶ್ರೀರಂಗಪಟ್ಟಣ

ಕಾವೇರೀ ನದಿಯು ತನ್ನ ಪಥದಲ್ಲಿ ಮೂರೆಡೆ ಕವಲೊಡೆದು, ನಡುವೆ ಒಂದೊಂದು ದ್ವೀಪವನ್ನು ಬಳಸಿಕೊಂಡು, ಮರಳಿ ಒಂದಾಗಿ ಹರಿಯುತ್ತದೆ. ಆ ಮೂರು ದ್ವೀಪಗಳಲ್ಲಿಯೂ ಶ್ರೀರಂಗನಾಥನು ಪವಡಿಸಿದ್ದಾನೆ. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಇವುಗಳಲ್ಲಿ ಕ್ಷೇತ್ರವೂ ರಾಜಧಾನಿಯೂ ಆಗಿ ಎರಡು ಶತಮಾನಗಳ ಕಾಲ ಮೈಸೂರು ರಾಜ್ಯದ ಭಾಗ್ಯವನ್ನು ನಿರ್ಧರಿಸಿದ ಊರು ನಮ್ಮ ನೆರೆಯ ಶ್ರೀರಂಗಪಟ್ಟಣವೊಂದೇ. ಪಶ್ಚಿಮದಿಂದ ಪೂರ್ವಕ್ಕೆ ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ಈ ನೆಲದ ತುಣುಕಿಗಾಗಿ ವಿಜಯನಗರದವರು, ಬಿಜಾಪುರದವರು, ಮರಾಠರು, ನಿಜಾಮರು, ಆಂಗ್ಲರು ದಂಡು ತಂದರು. ಇಂದು ಅದೇ ನೆಲದಲ್ಲಿ ಶಾಲಾ ಮಕ್ಕಳ ಪ್ರವಾಸದ ಬಸ್ಸು ಅರ್ಧ ಗಂಟೆ ನಿಂತು ಮೈಸೂರಿಗೆ ಹೊರಟುಬಿಡುತ್ತದೆ. ಆ ಅರ್ಧ ಗಂಟೆಯನ್ನು ಒಂದು ದಿನವಾಗಿ ಏಕೆ ಹಿಗ್ಗಿಸಬೇಕು, ಆ ದಿನದಲ್ಲಿ ಏನನ್ನು ಕಾಣಬೇಕು, ಕಂಡದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಕ್ಷೇತ್ರದಿಂದ ಕೋಟೆಗೆ

ಶ್ರೀರಂಗನಾಥಸ್ವಾಮಿಯ ದೇವಾಲಯವನ್ನು ಕ್ರಿ.ಶ. 894ರಲ್ಲಿ ಗಂಗರ ಕಾಲದ ತಿರುಮಲಯ್ಯನೆಂಬವನು ಕಟ್ಟಿಸಿದನೆಂಬ ಹೇಳಿಕೆಯುಂಟು. ಹೊಯ್ಸಳ ವಿಷ್ಣುವರ್ಧನನು ಶ್ರೀರಾಮಾನುಜಾಚಾರ್ಯರಿಗೆ ಈ ಪ್ರಾಂತದಲ್ಲಿ ಅಷ್ಟಗ್ರಾಮಗಳನ್ನು ಬಿಟ್ಟನೆಂಬುದೂ ಪರಂಪರೆಯ ಮಾತು. ದೇವಾಲಯದ ಈಗಿನ ರೂಪ ಒಬ್ಬ ಅರಸನ ಕೃತಿಯಲ್ಲ. ಹೊಯ್ಸಳ, ವಿಜಯನಗರ, ಒಡೆಯರ ಕಾಲಗಳ ಕೆಲಸ ಅದರಲ್ಲಿ ಪದರಪದರವಾಗಿ ಸೇರಿದೆ.

ಊರಿಗೆ ಕೋಟೆಯು ಬಂದುದು 1454ರಲ್ಲಿ. ನಾಗಮಂಗಲದ ಪ್ರಭು ತಿಮ್ಮಣ್ಣ ದಂಡನಾಯಕನು ವಿಜಯನಗರದ ಅನುಮತಿ ಪಡೆದು ಕೋಟೆ ಕಟ್ಟಿಸಿದನೆಂದೂ, ಕಳಸವಾಡಿಯಲ್ಲಿ ಹಾಳುಬಿದ್ದಿದ್ದ ನೂರೊಂದು ಬಸದಿಗಳ ಕಲ್ಲುಗಳನ್ನು ತಂದು ದೇವಾಲಯವನ್ನು ವಿಸ್ತರಿಸಿದನೆಂದೂ ಐತಿಹ್ಯ ಹೇಳುತ್ತದೆ. ಸಂಖ್ಯೆಯ ಮಾತು ಹೇಗೇ ಇರಲಿ, ನಾಗಮಂಗಲ ಸೀಮೆಯ ಒಬ್ಬ ಪ್ರಭುವಿನಿಂದ ಕೋಟೆಯು ಆರಂಭವಾಯಿತೆಂಬ ನೆನಪು ನಮ್ಮ ಭಾಗದವರು ಮರೆಯಬಾರದ ಸಂಗತಿ.

ಮುಂದೆ ವಿಜಯನಗರದ ನರಸ ನಾಯಕನು ತುಂಬಿ ಹರಿಯುತ್ತಿದ್ದ ಕಾವೇರಿಗೆ ಸೇತುವೆ ಬಿಗಿದು ಶ್ರೀರಂಗಪಟ್ಟಣವನ್ನು ಹಿಡಿದನೆಂದು ಆ ವಂಶದ ಶಾಸನಗಳು ಕೊಂಡಾಡುತ್ತವೆ. ಹೊಳೆ ತುಂಬಿದಾಗ ದಾಟಿದುದೇ ಶಾಸನದಲ್ಲಿ ಕೆತ್ತಿಸಬೇಕಾದಷ್ಟು ದೊಡ್ಡ ಸಾಹಸವಾಯಿತು ಎಂಬುದನ್ನು ವಾಚಕರು ಗಮನಿಸಬೇಕು. ಈ ಊರಿನ ಚರಿತ್ರೆಯ ಬೀಗದ ಕೈ ಆ ಮಾತಿನಲ್ಲಿಯೇ ಇದೆ. ಮಳೆಗಾಲದಲ್ಲಿ ಕಾವೇರಿಯು ಕಂದಕ. ಬೇಸಿಗೆಯಲ್ಲಿ ಅದೇ ಕಾವೇರಿಯು ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾದ ದಾರಿ.

ಒಡೆಯರ ರಾಜಧಾನಿ

ವಿಜಯನಗರದ ಪ್ರತಿನಿಧಿಯಾಗಿ ಇಲ್ಲಿದ್ದ ತಿರುಮಲರಾಜನಿಂದ 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ವೃದ್ಧನಾದ ತಿರುಮಲನು ತಾನಾಗಿಯೇ ಒಪ್ಪಿಸಿ ತಲಕಾಡಿಗೆ ಹೋದನೆಂದು ಒಂದು ಕಥನ. ಒಡೆಯರು ಬಲದಿಂದ ಪಡೆದರೆಂದು ಇನ್ನೊಂದು. ಅಲಮೇಲಮ್ಮನ ಶಾಪದ ಕಥೆಯೂ ಈ ಸಂದರ್ಭದ್ದೇ. ತಲಕಾಡಿನ ಮರಳಿಗೆ ನದಿಯ ತಿರುವೂ ಗಾಳಿಯೂ ಕಾರಣವೆಂದು ಭೂಗೋಳ ಹೇಳಿದರೂ, ಅಧಿಕಾರ ಕಳೆದುಕೊಂಡ ಮನೆತನದ ನೋವು ಜನರ ಬಾಯಲ್ಲಿ ಶಾಪವಾಗಿ ಉಳಿದುದು ಸುಳ್ಳಲ್ಲ. ಕಥೆಯನ್ನು ಕಥೆಯೆಂದು ತಿಳಿಸಿಯೇ ಹೇಳಿದರೆ ಮಕ್ಕಳಿಗೆ ಎರಡೂ ದಕ್ಕುತ್ತವೆ.

ಆ ವರ್ಷವೇ ರಾಜ ಒಡೆಯರು ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಇಲ್ಲಿ ಮುಂದುವರಿಸಿದರು. ಇಂದು ಜಗತ್ತು ಮೈಸೂರು ದಸರಾ ಎಂದು ಕರೆಯುವ ಉತ್ಸವದ ತವರು ಶ್ರೀರಂಗಪಟ್ಟಣ. ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜಮುಡಿಯನ್ನು ಒಪ್ಪಿಸಿದವರೂ ಇದೇ ಅರಸರು.

ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲಕ್ಕೆ ರಾಜ್ಯವು ಕಾಲೂರಿ ನಿಂತಿತು. ಪಟ್ಟಕ್ಕೆ ಬಂದ ಹೊಸತರಲ್ಲೇ ಬಿಜಾಪುರದ ರಣದುಲ್ಲಾಖಾನನ ಮುತ್ತಿಗೆಯನ್ನು ಅವರು ಹಿಮ್ಮೆಟ್ಟಿಸಿದರು. ಟಂಕಸಾಲೆಯನ್ನು ತೆರೆದು ಕಂಠೀರಾಯ ಹಣವನ್ನು ಚಲಾವಣೆಗೆ ತಂದರು. ಬಂಗಾರದೊಡ್ಡಿ ನಾಲೆಯನ್ನು ಕಟ್ಟಿಸಿ, ನದಿಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯಿಂದ ನೀರನ್ನು ದ್ವೀಪದೊಳಕ್ಕೆ ಹರಿಸಿದರು. ಸುತ್ತಲೂ ಹೊಳೆಯಿದ್ದರೂ ನೆಲವು ಎತ್ತರದಲ್ಲಿದ್ದುದರಿಂದ ಗದ್ದೆಗೆ ನೀರೇರದು. ಆ ಕೊರತೆಯನ್ನು ನೀಗಿದ ಈ ಜಾಣ್ಮೆಯು ಯುದ್ಧಗಳ ಗೆಲುವಿಗಿಂತ ದೀರ್ಘಾಯುವಾದ ಸಾಧನೆ. ಕೋಟೆಯೊಳಗಿನ ನರಸಿಂಹಸ್ವಾಮಿ ದೇವಾಲಯವೂ ಅವರದೇ. ಅಲ್ಲಿ ಆ ಅರಸರ ಶಿಲಾಮೂರ್ತಿಯನ್ನು ಈಗಲೂ ನೋಡಬಹುದು.

ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅಠಾರಾ ಕಚೇರಿ ಎಂಬ ಹದಿನೆಂಟು ಇಲಾಖೆಗಳ ಆಡಳಿತ ಏರ್ಪಟ್ಟಿತು. ಅಂಚೆಯ ವ್ಯವಸ್ಥೆ ಬಂದಿತು. ಅವರ ಹೆಸರಿನ ನಾಲೆಯು ಇಂದಿಗೂ ಭತ್ತದ ಗದ್ದೆಗಳಿಗೆ ನೀರುಣಿಸುತ್ತಿದೆ.

ಸಾಹಿತ್ಯದ ಪಟ್ಟಣ

ಪ್ರವಾಸಿಗರ ಕೈಪಿಡಿಗಳು ಕೋಟೆ, ಗುಂಬಜ್, ಸೆರೆಮನೆಗಳನ್ನು ಹೇಳಿ ಮುಗಿಸುತ್ತವೆ. ಆದರೆ ಕನ್ನಡ ಓದಿದವನಿಗೆ ಶ್ರೀರಂಗಪಟ್ಟಣವು ಮೊದಲು ಒಂದು ವಿದ್ಯಾಸ್ಥಾನ. ಗೋವಿಂದ ವೈದ್ಯನ ಹೆಸರಿನಲ್ಲಿರುವ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕಾವ್ಯವು (1648) ಅಂದಿನ ಪಟ್ಟಣವನ್ನೂ ಮಹಾನವಮಿಯ ವೈಭವವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ. ಬೀದಿ, ಅಂಗಡಿ, ಮಲ್ಲರ ಕಾಳಗ, ಒಡ್ಡೋಲಗ ಎಲ್ಲವೂ ಅಲ್ಲಿವೆ. ಇಂದು ಅರಮನೆಯ ಕುರುಹು ಅಳಿಸಿರುವ ಈ ಊರಿನಲ್ಲಿ ಆ ಕಾವ್ಯವೇ ಅರಮನೆಯ ಉಳಿದ ಗೋಡೆ.

ಚಿಕ್ಕದೇವರಾಜರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯರಿದ್ದರು. ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ವು ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿದ್ದಾದರೂ, ದೊರೆತಿರುವ ಮೊದಲ ಕನ್ನಡ ನಾಟಕವೆಂಬ ಗೌರವ ಅದಕ್ಕೆ ಸಲ್ಲುತ್ತದೆ. ಇವರೆಲ್ಲರಿಗಿಂತ ನಮ್ಮ ವಿದ್ಯಾರ್ಥಿನಿಯರಿಗೆ ಹೇಳಬೇಕಾದ ಹೆಸರು ಸಂಚಿಯ ಹೊನ್ನಮ್ಮನದು. ಯಳಂದೂರಿನಿಂದ ಬಂದು ಅಂತಃಪುರದಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಬರೆದಳು. ಪತಿವ್ರತಾಧರ್ಮವನ್ನು ಹೇಳಹೊರಟ ಆ ಕೃತಿಯಲ್ಲಿಯೇ, ಹೆಣ್ಣನ್ನು ಕೀಳೆಂದು ಜರೆಯುವವರನ್ನು ಅವಳು ನೇರವಾಗಿ ಪ್ರಶ್ನಿಸುತ್ತಾಳೆ. ಮೂರು ಶತಮಾನಗಳ ಹಿಂದೆ ಆ ಧೈರ್ಯದ ಮಾತು ಹುಟ್ಟಿದುದು ಈ ದ್ವೀಪದಲ್ಲಿ.

ಹದಿನೆಂಟನೆಯ ಶತಮಾನದಲ್ಲಿ ದಳವಾಯಿಗಳ ಕೈ ಮೇಲಾಗಿ ಅರಸರು ಹೆಸರಿಗೆ ಮಾತ್ರ ಉಳಿದರು. ಆ ದಳವಾಯಿ ಮನೆತನದ ಕಳಲೆ ನಂಜರಾಜನು ರಾಜಕಾರಣದಲ್ಲಿ ಸೋತರೂ ಶೈವಕೃತಿಗಳನ್ನು ರಚಿಸಿ ಸಾಹಿತ್ಯದಲ್ಲಿ ಹೆಸರುಳಿಸಿಕೊಂಡನು. ಕೋಟೆಯೊಳಗಿನ ಗಂಗಾಧರೇಶ್ವರ ದೇವಾಲಯಕ್ಕೆ ಹೋದ ಶಿವಭಕ್ತರು ಈ ನಂಜರಾಜನನ್ನೂ ಸ್ಮರಿಸುವುದು ಉಚಿತ.

ಹೈದರ್, ಟಿಪ್ಪು ಮತ್ತು ನದಿಯ ಕಾಲಮಾನ

ನಂಜರಾಜನ ಕೈಕೆಳಗೆ ಸೈನಿಕನಾಗಿ ಮೇಲೆ ಬಂದ ಹೈದರಾಲಿಯು 1761ರಲ್ಲಿ ರಾಜ್ಯದ ಸೂತ್ರವನ್ನು ತನ್ನ ಕೈಗೆ ತೆಗೆದುಕೊಂಡನು. 1771ರಲ್ಲಿ ನಮ್ಮ ಚಿನಕುರಳಿಯ ಬಯಲಿನಲ್ಲಿ ಮರಾಠರು ಅವನನ್ನು ಸೋಲಿಸಿದರು. ಆದರೂ ಪಟ್ಟಣದ ಕೋಟೆ ಅವರಿಗೆ ದಕ್ಕಲಿಲ್ಲ. 1782ರ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ ಮೇಲೆ ಮಗ ಟಿಪ್ಪು ಸುಲ್ತಾನನು ಆಳಿದನು.

ಟಿಪ್ಪುವಿನ ಕಾಲದ ಮೂರು ಮುತ್ತಿಗೆಗಳನ್ನು ತಿಂಗಳುಗಳ ಸಹಿತ ಹಲಗೆಯ ಮೇಲೆ ಬರೆದರೆ ಮೇಲೆ ಹೇಳಿದ ನದಿಯ ನ್ಯಾಯವು ಸ್ಪಷ್ಟವಾಗುತ್ತದೆ. 1791ರ ಮೇ ತಿಂಗಳ ನಡುವಿನಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಗೆದ್ದರೂ ಕಾಲ ಮೀರಿತ್ತು. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಮುತ್ತಿಗೆಯ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆದು ಹಿಂದಿರುಗಿದನು. ಪಾಠ ಕಲಿತವನು ಮರುವರ್ಷ ಫೆಬ್ರವರಿಯಲ್ಲಿಯೇ ಬಂದನು. 1792ರ ಫೆಬ್ರವರಿ 6ರ ರಾತ್ರಿ ದ್ವೀಪದೊಳಕ್ಕೆ ನುಗ್ಗಿದನು. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

ಮೂರನೆಯದು 1799. ಏಪ್ರಿಲ್ ಆರಂಭದಲ್ಲಿ ಜನರಲ್ ಹ್ಯಾರಿಸನ ಸೈನ್ಯ ಪಶ್ಚಿಮದಲ್ಲಿ ಬೀಡುಬಿಟ್ಟಿತು. ಅತ್ತ ಅವನ ಪಾಳೆಯದಲ್ಲಿ ಅಕ್ಕಿ ಮುಗಿಯುತ್ತಿತ್ತು; ಇತ್ತ ಕೋಟೆಯವರು ಮುಂಗಾರಿನ ಹೊಳೆಯನ್ನು ಎದುರುನೋಡುತ್ತಿದ್ದರು. ಯಾವುದು ಮೊದಲು ಬರುವುದೆಂಬುದೇ ಪ್ರಶ್ನೆ. ಮೇ 4ರ ನಡುಹಗಲು ಒಂದು ಗಂಟೆಯ ಸುಮಾರಿಗೆ, ವಾಯವ್ಯ ಮೂಲೆಯ ಬಿರುಕಿಗೆ ಬೇರ್ಡನ ನಾಯಕತ್ವದಲ್ಲಿ ಸೈನ್ಯವು ಬತ್ತಿದ ಹೊಳೆಯನ್ನು ಕೆಲವೇ ನಿಮಿಷಗಳಲ್ಲಿ ದಾಟಿತು. ಇದೇ ಬೇರ್ಡನು ಹಿಂದೆ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಸಂಜೆಯ ವೇಳೆಗೆ ಟಿಪ್ಪು ಉತ್ತರದ ಬಾಗಿಲ ಬಳಿ ಹೆಣಗಳ ರಾಶಿಯ ನಡುವೆ ಹೆಣವಾಗಿ ದೊರೆತನು. ಮಳೆಯು ಕೆಲವು ವಾರ ಮುಂಚೆ ಇಳಿದಿದ್ದರೆ ದಕ್ಷಿಣ ಭಾರತದ ಚರಿತ್ರೆಯ ಆ ಪುಟ ಬೇರೊಂದು ಬಗೆಯಲ್ಲಿ ಬರೆಯಲ್ಪಡುತ್ತಿತ್ತೋ ಏನೋ.

ಟಿಪ್ಪುವಿನ ವಿಷಯದಲ್ಲಿ ಇಂದು ಹೊಗಳಿಕೆ ತೆಗಳಿಕೆಗಳೆರಡೂ ಎತ್ತರದ ದನಿಯಲ್ಲಿ ಕೇಳಿಬರುತ್ತವೆ. ಅಧ್ಯಾಪಕನ ಕರ್ತವ್ಯ ದನಿಯೆತ್ತುವುದಲ್ಲ, ಸಾಕ್ಷ್ಯವನ್ನು ಮುಂದಿಡುವುದು. ರಂಗನಾಥಸ್ವಾಮಿಗೆ ಅವನು ಅರ್ಪಿಸಿದ ಬೆಳ್ಳಿಯ ಪಾತ್ರೆಗಳು ಸಾಕ್ಷ್ಯ. ಕೊಡಗು, ಮಲಬಾರುಗಳ ಜನರು ಅನುಭವಿಸಿದ ಸೆರೆ ಮತ್ತು ಸಂಕಟವೂ ಸಾಕ್ಷ್ಯ. ಮೇಲುಕೋಟೆಯ ಮಂಡಯಂ ಮನೆತನಗಳು ನರಕ ಚತುರ್ದಶಿಯಂದು ಹಬ್ಬ ಮಾಡದೆ ಉಳಿಸಿಕೊಂಡು ಬಂದಿರುವ ಶೋಕದ ನೆನಪೂ ತಳ್ಳಿಹಾಕತಕ್ಕದ್ದಲ್ಲ. ಆಂಗ್ಲರನ್ನು ನಡುಗಿಸಿದ ಅವನ ಕಬ್ಬಿಣದ ಕೊಳವೆಯ ಬಾಣಗಳನ್ನು ಅಭ್ಯಸಿಸಿಯೇ ಇಂಗ್ಲೆಂಡಿನ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಿದುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಮಕ್ಕಳಿಗೆ ಸಿಕ್ಕುವುದು ಚರಿತ್ರೆಯಲ್ಲ, ಪಕ್ಷದ ಮಾತು.

ರಾಜಧಾನಿಯು ಊರಾದ ಬಗೆ

1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಜಧಾನಿಯೂ ಅಲ್ಲಿಗೆ ಹೋಯಿತು. ದ್ವೀಪವು ಆಂಗ್ಲರ ದಂಡಿನ ಪಾಳೆಯವಾಯಿತು. ಚಳಿಜ್ವರದ ಕಾಟದಿಂದ ಆ ದಂಡೂ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಂಗಳೂರಿಗೆ ಎದ್ದಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು 1800ರಲ್ಲಿ ಬಂದ ಬುಕಾನನ್ ಅಂದಾಜು ಮಾಡಿದ್ದನು. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಲಾಲ್ ಮಹಲ್ ಅರಮನೆಯನ್ನು ಕೆಡವಿದರು. ಅದರ ತೊಲೆಗಳು ಉದಕಮಂಡಲದ ಸಂತ ಸ್ಟೀಫನ್ನರ ಚರ್ಚಿನ ಮಾಡಿಗೆ ಹೋದವು. ಒಂದು ರಾಜಧಾನಿ ಬರಿದಾಗಲು ಒಂದು ತಲೆಮಾರೂ ಬೇಕಾಗಲಿಲ್ಲ.

ದಿವಾನ್ ಪೂರ್ಣಯ್ಯನವರು ಮಾತ್ರ ಈ ಊರನ್ನು ಮರೆಯಲಿಲ್ಲ. 1804ರಲ್ಲಿ ಅವರು ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯು ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನು ಹಾಸಿದ ಅಪ್ಪಟ ದೇಶೀಯ ಕೆಲಸ. ಅವರು 1812ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು.

ಪ್ರೇಕ್ಷಣೀಯ ಸ್ಥಳಗಳು

ಶ್ರೀರಂಗನಾಥಸ್ವಾಮಿ ದೇವಾಲಯವನ್ನು ಬೆಳಗಿನಲ್ಲಿ ನೋಡತಕ್ಕದ್ದು. ಶೇಷಶಯನನ ಭವ್ಯಮೂರ್ತಿಯ ದರ್ಶನವಾದ ಮೇಲೆ ನವರಂಗದ ಕಂಬಗಳನ್ನೂ ಹೊರಗಿನ ತೇರನ್ನೂ ಗಮನಿಸಬೇಕು. ಬಳಿಯಲ್ಲಿಯೇ ನರಸಿಂಹ ಮತ್ತು ಗಂಗಾಧರೇಶ್ವರ ದೇವಾಲಯಗಳಿವೆ.

ಪೂರ್ವದ ಬಾಗಿಲ ಬಳಿ 1787ರಲ್ಲಿ ಟಿಪ್ಪು ಕಟ್ಟಿಸಿದ ಮಸ್ಜಿದ್-ಎ-ಆಲಾ ಇದೆ. ಅದರ ಎರಡು ಮಿನಾರುಗಳ ಮೈತುಂಬ ಪಾರಿವಾಳದ ಗೂಡುಗಳು. ಉತ್ತರದ ಕೋಟೆಯಂಚಿನಲ್ಲಿ ಕರ್ನಲ್ ಬೈಲಿಯ ಹೆಸರಿನ ನೆಲಮಾಳಿಗೆಯ ಸೆರೆಮನೆ. ಅಲ್ಲಿಂದ ಅನತಿ ದೂರದಲ್ಲಿ ಟಿಪ್ಪುವಿನ ದೇಹ ದೊರೆತ ಸ್ಥಳದ ಗುರುತುಗಲ್ಲು. ವಾಯವ್ಯದಲ್ಲಿ ಬಿರುಕು ಬಿದ್ದ ಜಾಗ. ಈ ಮೂರನ್ನೂ ಗೋಡೆಯುದ್ದಕ್ಕೂ ನಡೆದೇ ನೋಡಿದರೆ ಮುತ್ತಿಗೆಯ ಚಿತ್ರ ತಾನಾಗಿ ಮೂಡುತ್ತದೆ.

ರೈಲುನಿಲ್ದಾಣದ ಬಳಿಯ ಮದ್ದಿನ ಮನೆಯ ಕಥೆ ಕೌತುಕದ್ದು. ಬೆಂಗಳೂರು–ಮೈಸೂರು ಜೋಡಿಮಾರ್ಗಕ್ಕೆ ಅಡ್ಡಬಂದ ಈ ಸ್ಮಾರಕವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ದೂರ ಸರಿಸಿ ನಿಲ್ಲಿಸಲಾಯಿತು. ಮನಸ್ಸಿದ್ದರೆ ಹಳೆಯದನ್ನು ಉಳಿಸಿ ಹೊಸದನ್ನು ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕೋಟೆಯ ಹೊರಗೆ ದರಿಯಾ ದೌಲತ್. 1784ರಲ್ಲಿ ತೇಗದ ಮರದಿಂದ ಕಟ್ಟಿದ ಬೇಸಿಗೆಯ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸುತ್ತುವರಿದ ಮೈಸೂರಿನ ಕುದುರೆಗಳು, ಸ್ಫೋಟಗೊಳ್ಳುವ ಮದ್ದಿನ ಬಂಡಿ. ಸೋತವರಾದ ಆಂಗ್ಲರೇ ಈ ಚಿತ್ರವನ್ನು ಮುಂದೆ ಮತ್ತೆ ಬರೆಸಿ ಉಳಿಸಿದರೆಂಬುದು ಯೋಚಿಸತಕ್ಕ ವಿಷಯ.

ದ್ವೀಪದ ಪೂರ್ವಭಾಗ ಗಂಜಾಂ. ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ತಂದು ಇಲ್ಲಿ ನೆಲೆಸಿದನೆಂದು ಗ್ಯಾಸೆಟಿಯರ್ ಹೇಳುತ್ತದೆ. ಇಲ್ಲಿರುವ ಗುಂಬಜ್‌ನಲ್ಲಿ ಹೈದರ್, ಅವನ ಪತ್ನಿ ಮತ್ತು ಮಗ ಟಿಪ್ಪು ಮಲಗಿದ್ದಾರೆ. ಹೊಳಪಿನ ಕರಿಗಲ್ಲ ಕಂಬಗಳು, ದಂತದ ಕುಸುರಿಯ ಬಾಗಿಲುಗಳು, ಒಳಗೋಡೆಯ ಹುಲಿಪಟ್ಟೆ ಬಣ್ಣ ಇಲ್ಲಿನ ವಿಶೇಷ. ನದೀತೀರದಲ್ಲಿ ನಿಮಿಷಾಂಬಾ ದೇವಾಲಯ, ಮುಂದೆ ಕವಲುಗಳು ಕೂಡುವ ಸಂಗಮ. ಅಬ್ಬೆ ದುಬೋಯಿಯ ಚರ್ಚೂ ಗಂಜಾಮಿನಲ್ಲಿದೆ. ಈ ಫ್ರೆಂಚ್ ಪಾದ್ರಿಯು ಸಿಡುಬಿನ ದಾಕು ಹಾಕಿಸುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಮೊದಲಿಗರಲ್ಲಿ ಒಬ್ಬನಾಗಿ ಹರಡಿದವನು.

ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನು ವಿಸರ್ಜಿಸಲಾಯಿತು. ಮೇಲ್ಭಾಗದ ರಂಗನತಿಟ್ಟು, ನದಿಗೆ ಕಟ್ಟಿದ ಹಳೆಯ ಒಡ್ಡಿನಿಂದ ಉಂಟಾದ ನಡುಗಡ್ಡೆಗಳ ಸಮೂಹ; ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಸಮಯವಿದ್ದವರು ಕರೀಘಟ್ಟದ ಬೆಟ್ಟವನ್ನೇರಿದರೆ, ಲೋಕಪಾವನಿಯು ಕಾವೇರಿಗೆ ಬಂದು ಸೇರುವುದೂ ಇಡೀ ದ್ವೀಪವೂ ಒಂದೇ ನೋಟಕ್ಕೆ ಕಾಣುತ್ತವೆ.

ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ

2023ರಲ್ಲಿ ಬೆಂಗಳೂರು–ಮೈಸೂರು ದಶಪಥ ತೆರೆದ ಮೇಲೆ ವಾಹನಗಳು ಪಟ್ಟಣದ ಬದಿಯಿಂದಲೇ ಹಾದುಹೋಗುತ್ತಿವೆ. ನಿಲ್ಲುವ ಮನಸ್ಸಿದ್ದವರು ಮಾತ್ರ ಇನ್ನು ನಿಲ್ಲುತ್ತಾರೆ. ಆ ಮನಸ್ಸನ್ನು ಮಾಡಿಸಬೇಕಾದವರು ಶಾಲೆಗಳವರು.

ನಮ್ಮ ಸೀಮೆಯ ಶಾಲೆಗಳಿಗೆ ಇದು ಸುಲಭವೂ ಹೌದು. ಸಂತೆಬಾಚಹಳ್ಳಿಯ ಮಹಾಲಿಂಗೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯಗಳಲ್ಲಿ ಹೊಯ್ಸಳರನ್ನು ಕಂಡು, ನಾಗಮಂಗಲದಲ್ಲಿ ತಿಮ್ಮಣ್ಣ ದಂಡನಾಯಕನನ್ನು ನೆನೆದು, ಚಿನಕುರಳಿಯ ಬಯಲಿನಲ್ಲಿ ಹೈದರನ ಸೋಲನ್ನು ಹೇಳಿ, ಫ್ರೆಂಚ್ ದಂಡು ಬೀಡುಬಿಟ್ಟುದರಿಂದ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣ ಸೇರಿದರೆ, ರಸ್ತೆಯೇ ಪಠ್ಯಪುಸ್ತಕವಾಗುತ್ತದೆ. ರಾಜಧಾನಿಯ ಚರಿತ್ರೆ ಎಲ್ಲೋ ದೂರದ್ದಲ್ಲ, ತಮ್ಮ ಊರಿನ ಹೊಲದ ಬದುವಿನಿಂದಲೇ ಆರಂಭವಾಗುತ್ತದೆಂದು ಮಗುವಿಗೆ ತಿಳಿಯುತ್ತದೆ. ದಾನಿಗಳು ಪ್ರವಾಸನಿಧಿಯೊಂದನ್ನು ಏರ್ಪಡಿಸಿದರೆ ಬಡ ಮಕ್ಕಳೂ ಹಿಂದುಳಿಯರು. ಹಳೆಯ ವಿದ್ಯಾರ್ಥಿಗಳಲ್ಲಿ ಚರಿತ್ರೆ ಬಲ್ಲವರು ಒಂದು ದಿನ ಜೊತೆಗೆ ಬಂದರೆ ಅದೂ ಒಂದು ದಾನವೇ.

ಹೊರಡುವ ಮುನ್ನ ಮಕ್ಕಳಿಗೆ ಎರಡು ನಿಯಮ ಸಾಕು: ಕಲ್ಲಿನ ಮೇಲೆ ಹೆಸರು ಕೆತ್ತಬಾರದು, ಹೊಳೆಗೆ ಕಸ ಎಸೆಯಬಾರದು. ಹಿಂದಿರುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ಈ ಕೋಟೆಯನ್ನು ಕಾಯ್ದವರು ಯಾರು? ಅರಸರು ಎಂದೊಬ್ಬ, ತೋಪುಗಳು ಎಂದಿನ್ನೊಬ್ಬ ಹೇಳಿಯಾರು. ಹೊಳೆ ಎಂದವನು ಊರನ್ನು ನಿಜವಾಗಿ ನೋಡಿಬಂದವನು. ಆ ಹೊಳೆಯ ನೀರು ಈಗ ಕನ್ನಂಬಾಡಿಯ ಅಣೆಕಟ್ಟಿನ ಬಾಗಿಲುಗಳ ಅಂಕೆಯಲ್ಲಿದೆ. ಹಿಂದೆ ಕಾವೇರಿಯು ಪಟ್ಟಣವನ್ನು ಕಾಯುತ್ತಿತ್ತು; ಇಂದು ಕಾವೇರಿಯನ್ನೂ ಅದರ ಮಡಿಲ ಪಟ್ಟಣವನ್ನೂ ಕಾಯುವ ಹೊಣೆ ನಮ್ಮ ಮೇಲಿದೆ.